ಪಾರ್ಕ್ ಆಮೇಲೆ ಕಟ್ಟೋಣ, ಮೊದಲ ಗಿರಾಕಿ ಯಾರು ಹೇಳಿ

ಸಿಂಧನೂರಿನ ಓದುಗರೊಬ್ಬರು ಕೇಳಿದ್ದಾರೆ: "ಮೇಡಂ, ನಾನು ಎಲೆಕ್ಟ್ರಾನಿಕ್ಸ್ ಓದಿ ಆರು ವರ್ಷದಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಊರಿಗೆ ವಾಪಸ್ ಬಂದು ಏನಾದರೂ ಶುರು ಮಾಡಬೇಕು ಅಂತ ಆಸೆ. ಆದರೆ ನಾವು ಕೇಳಿದ ಐಐಟಿ ಧಾರವಾಡಕ್ಕೆ ಹೋಯಿತು, ಕಂಪನಿಗಳೆಲ್ಲ ಬೆಂಗಳೂರಿನಲ್ಲೇ ಕೂತಿವೆ. ಬಳ್ಳಾರಿ, ರಾಯಚೂರು, ಕೊಪ್ಪಳದ ನಡುವೆ ಎಲ್ಲಾದರೂ ಒಂದು ದೊಡ್ಡ ಟೆಕ್ ಪಾರ್ಕ್ ಕಟ್ಟಿದರೆ ನಮ್ಮಲ್ಲೂ ಹೈಟೆಕ್ ಉದ್ಯಮ ಬೆಳೆಯುತ್ತಾ? ಕೆಲವು ಊರುಗಳು ಬೆಳೆದು, ಕೆಲವು ಹಾಗೇ ಉಳಿಯುವುದಕ್ಕೆ ನಿಜವಾದ ಕಾರಣ ಏನು?"

ತಮ್ಮಾ, ಬರೀ ಪಾರ್ಕ್ ಕಟ್ಟಿದರೆ ಬೆಳೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೈದು ವರ್ಷ ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮಕ್ಕಳಿಗೆ ಪಾಠ ಮಾಡಿದ್ದೇನೆ, ಅವರನ್ನು ಕರೆದುಕೊಂಡು ಜೀನ್ಸ್ ಯುನಿಟ್, ರೈಸ್ ಮಿಲ್, ಉಕ್ಕಿನ ಕಾರ್ಖಾನೆ ಅಂತ ಸುತ್ತಿದ್ದೇನೆ, ಅಷ್ಟೆಲ್ಲ ಆದ ಮೇಲೆ ನನಗೆ ಗಟ್ಟಿಯಾಗಿ ತಿಳಿದಿರುವುದು ಒಂದು ಮಾತು. ಕಟ್ಟಡ, ರಸ್ತೆ, ಕರೆಂಟ್ ಎಲ್ಲ ಬೇಕು. ಆದರೆ ಕೆಲಸ ಕಲಿತ ಹುಡುಗನೊಬ್ಬ ನೌಕರಿ ಬಿಟ್ಟು ಸ್ವಂತಕ್ಕೆ ಏನೋ ಮಾಡಿದಾಗ, ಅವನ ಮೊದಲ ಸಾಮಾನನ್ನು ಅದೇ ಊರಿನಲ್ಲಿ ಯಾರಾದರೂ ಕೊಂಡು, ಬಳಸಿ, ಅದರ ತಪ್ಪು ತೋರಿಸಿ, ಸರಿಯಾದ ಹೊತ್ತಿಗೆ ದುಡ್ಡು ಕೊಡಬೇಕು. ಅಂಥ ಗಿರಾಕಿ ಇರುವ ಊರಿನಲ್ಲಿ ಎರಡನೇ ಹುಡುಗನೂ ಧೈರ್ಯ ಮಾಡುತ್ತಾನೆ. ಇಲ್ಲದ ಊರಿನಲ್ಲಿ ಮೊದಲನೆಯವನೂ ರಾತ್ರಿ ಬಸ್ಸು ಹತ್ತುತ್ತಾನೆ.

ನಮ್ಮ ಕಣ್ಣೆದುರಿಗೇ ನಡೆದದ್ದನ್ನು ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ನೆನಪಿದೆಯಾ? ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನ್ ಕಡಿದು, ಗೇಟೇ ಕೊಚ್ಚಿಕೊಂಡು ಹೋಯಿತು. ಡ್ಯಾಮ್ ತುಂಬಿತ್ತು. ಎಡದಂಡೆ, ಬಲದಂಡೆ ಎರಡೂ ಕಡೆ ಭತ್ತ ಹಚ್ಚಿದ ರೈತರಿಗೆ ನಿದ್ದೆ ಹತ್ತಲಿಲ್ಲ, ನನ್ನ ತವರಿನವರೂ ಅವರಲ್ಲಿ ಇದ್ದರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬಾಯಿಗೆ ಅಡ್ಡ ಕೂರಿಸುವ ಉಕ್ಕಿನ ಹಲಗೆ, ಇಳಿಸೋಣ ಅಂದರು. ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯಲ್ಲಿ, ಹೊಸಪೇಟೆ ಸುತ್ತಮುತ್ತಲಿನ ಫ್ಯಾಬ್ರಿಕೇಶನ್ ವರ್ಕ್‌ಶಾಪ್‌ಗಳಲ್ಲಿ ಹಗಲು ರಾತ್ರಿ ಪ್ಲೇಟ್ ಕತ್ತರಿಸಿದರು, ವೆಲ್ಡಿಂಗ್ ಮಾಡಿದರು. ಆಗಸ್ಟ್ 17ರ ಹೊತ್ತಿಗೆ ಆ ಬಾಯಿ ಮುಚ್ಚಿತ್ತು. ಒಂದು ವಾರ! ಉಕ್ಕು ಇಲ್ಲೇ ಇತ್ತು, ಅದನ್ನು ಕತ್ತರಿಸುವ ಕೈಗಳು ಇಲ್ಲೇ ಇದ್ದವು, ದೊಡ್ಡ ಕ್ರೇನ್ ಓಡಿಸುವವರು ಇದ್ದರು, ಅನುಭವ ಇದ್ದ ಹಿರಿಯರೊಬ್ಬರು ಬಂದು ನಿಂತರು, ಮತ್ತು ತಡಮಾಡಿದರೆ ಬೆಳೆ ಹೋಗುತ್ತದೆ ಎನ್ನುವ ಗಿರಾಕಿ ಎದುರಿಗೇ ನಿಂತಿದ್ದ. ಕ್ಲಸ್ಟರ್ ಅಂತ ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುವ ಪದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಗೊತ್ತಿಲ್ಲ. ಬೇಕಾದ ನಾಲ್ಕೈದು ಕೌಶಲ ಹತ್ತಿರ ಹತ್ತಿರ ಇದ್ದು, ಒಬ್ಬರಿಗೊಬ್ಬರು ಫೋನ್ ಮಾಡುವಷ್ಟು ಪರಿಚಯ ಇರುವುದು, ಅಷ್ಟೇ.

ಬಳ್ಳಾರಿ ಜೀನ್ಸ್ ನೋಡಿ. ಅದನ್ನು ಯಾರೂ ಪ್ಲಾನ್ ಮಾಡಿ ತಂದು ಇಟ್ಟದ್ದಲ್ಲ. ದಂಡಿನ ಊರು ಇದು, ಸೈನ್ಯದ ಬಟ್ಟೆ ಹೊಲಿದ ದರ್ಜಿಗಳು ಇದ್ದರು, ಅವರ ಮಕ್ಕಳು ಪ್ಯಾಂಟು ಹೊಲಿದರು, ಆಮೇಲೆ ಜೀನ್ಸ್ ಬಂತು. ಇವತ್ತು ಒಬ್ಬನ ಹತ್ತಿರ ಕಟಿಂಗ್, ಇನ್ನೊಬ್ಬನ ಹತ್ತಿರ ಸ್ಟಿಚಿಂಗ್, ವಾಷಿಂಗ್ ಬೇರೆ ಕಡೆ, ಕಾಜಾ-ಬಟನ್ ಮತ್ತೊಂದು ಓಣಿಯಲ್ಲಿ, ದಾರ ಕತ್ತರಿಸುವ ಕೆಲಸ ಮನೆ ಮನೆಯಲ್ಲಿ ಹೆಣ್ಣುಮಕ್ಕಳು ಮಾಡುತ್ತಾರೆ. ಹೊಸಬ ಬಂದು ಬ್ರ್ಯಾಂಡ್ ಮಾಡುತ್ತೇನೆ ಅಂದರೆ ಅವನು ಎಲ್ಲ ಮಷಿನ್ ಕೊಳ್ಳಬೇಕಿಲ್ಲ. ಬಟ್ಟೆಯ ಥಾನು ತಂದು, ಉಳಿದದ್ದನ್ನು ಜಾಬ್ ವರ್ಕ್ ಮೇಲೆ ಮಾಡಿಸಬಹುದು, ಅರ್ಧ ಉದ್ರಿ ಕೂಡ ನಡೆಯುತ್ತದೆ. ಇದೇ ಕ್ಲಸ್ಟರಿನ ಶಕ್ತಿ. ಹೊಸದಾಗಿ ಶುರು ಮಾಡುವವನ ಖರ್ಚು ಕಮ್ಮಿ ಆಗುತ್ತದೆ, ಸೋತರೂ ಅವನು ಪಕ್ಕದ ಯುನಿಟ್‌ಗೆ ಮಾಸ್ಟರ್ ಆಗಿ ಹೋಗಬಹುದು. ಚಿಪ್ ಮಾಡುವ ಊರಿರಲಿ, ಜೀನ್ಸ್ ಹೊಲಿಯುವ ಊರಿರಲಿ, ಈ ಲೆಕ್ಕ ಒಂದೇ. ಹಾಗಾಗಿ ನಮ್ಮ ಜನಕ್ಕೆ ಇದು ಬರುವುದಿಲ್ಲ ಅನ್ನುವ ಮಾತನ್ನು ಯಾರು ಹೇಳಿದರೂ ನಾನು ಒಪ್ಪುವುದಿಲ್ಲ.

ಈಗ ಅಮೆರಿಕಕ್ಕೆ ಹೋಗೋಣ. ಸಿಲಿಕಾನ್ ವ್ಯಾಲಿ ಕಥೆ ಹೇಳುವಾಗ ಎಲ್ಲರೂ ಗ್ಯಾರೇಜಿನಿಂದ ಶುರು ಮಾಡುತ್ತಾರೆ. ಹ್ಯೂಲೆಟ್ ಮತ್ತು ಪ್ಯಾಕರ್ಡ್ 1939ರಲ್ಲಿ ಪಾಲೊ ಆಲ್ಟೊದ ಗ್ಯಾರೇಜಿನಲ್ಲಿ ಕಂಪನಿ ಶುರು ಮಾಡಿದರು, ಸರಿ. ನಾನು ಮಕ್ಕಳಿಗೆ ಕೇಳುತ್ತಿದ್ದದ್ದು ಬೇರೆ ಪ್ರಶ್ನೆ: ಅವರು ಮಾಡಿದ್ದನ್ನು ಕೊಂಡವರು ಯಾರು? ಅದೇ ಕ್ಯಾಲಿಫೋರ್ನಿಯಾದ ವಾಲ್ಟ್ ಡಿಸ್ನಿ ಸ್ಟುಡಿಯೋ. ಸಿನಿಮಾದ ಶಬ್ದದ ಉಪಕರಣ ಪರೀಕ್ಷೆ ಮಾಡಲು ಅವರ 8 ಆಸಿಲೇಟರ್, ಅಂದರೆ ಬೇಕಾದ ಕಂಪನದ ಸಿಗ್ನಲ್ ಹುಟ್ಟಿಸುವ ಯಂತ್ರ, ಕೊಂಡಿತು. ಎಂಟೇ ಎಂಟು. ಆಮೇಲೆ 1957ರಲ್ಲಿ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ಶಾಕ್ಲಿಯ ಲ್ಯಾಬಿನಿಂದ ಎಂಟು ಜನ ಒಟ್ಟಿಗೆ ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ಅವರ ಮೊದಲ ಆರ್ಡರ್ ಐಬಿಎಂನಿಂದ ಬಂತು, 100 ಟ್ರಾನ್ಸಿಸ್ಟರ್, ಒಂದಕ್ಕೆ 150 ಡಾಲರ್. ಆಗಿನ ಕಾಲಕ್ಕೆ ಅದು ಸಿಕ್ಕಾಪಟ್ಟೆ ಬೆಲೆ. ಮಿಲಿಟರಿ ವಿಮಾನದ ಕಂಪ್ಯೂಟರಿಗೆ ಬೇಕಿತ್ತು, ಸುಡುವ ಬಿಸಿಯಲ್ಲೂ ಕೆಡದಂಥದ್ದು ಬೇಕಿತ್ತು, ಅದಕ್ಕೆ ಕೊಟ್ಟರು. ಮುಂದೆ ಚಂದ್ರನ ಮೇಲೆ ಇಳಿಯುವ ಅಪೊಲೊ ಯೋಜನೆ, ಮಿನಿಟ್‌ಮನ್ ಕ್ಷಿಪಣಿ, ಇವೆರಡೂ ಐಸಿಗಳನ್ನು, ಅಂದರೆ ಚಿಪ್‌ಗಳನ್ನು, ರಾಶಿ ರಾಶಿ ಕೊಂಡವು. ಬೆಲೆ ಜಾಸ್ತಿ ಇದ್ದಾಗಲೇ ಕೊಳ್ಳುವ ಗಿರಾಕಿ ಸಿಕ್ಕಿದ್ದರಿಂದ ಆಮೇಲೆ ಬೆಲೆ ಇಳಿಸುವುದು ಸಾಧ್ಯವಾಯಿತು. ನಮ್ಮ ಬೆಂಗಳೂರೂ ಹಾಗೇ. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಪುಣೆಯಲ್ಲಿ. 1983ರಲ್ಲಿ ಬೆಂಗಳೂರಿಗೆ ಬಂತು, ಯಾಕೆಂದರೆ ಇಲ್ಲಿ ವಾಹನದ ಬಿಡಿಭಾಗ ಮಾಡುವ ಮೈಕೋ ಕಂಪನಿ ಗಿರಾಕಿಯಾಗಿ ಸಿಕ್ಕಿತು. ಗಿರಾಕಿ ಇದ್ದ ಕಡೆ ಕಂಪನಿ ಬಂತು ನೋಡಿ.

ಐಐಟಿ ವಿಷಯಕ್ಕೆ ಬರುತ್ತೇನೆ. ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾದಾಗ ರಾಯಚೂರಿನ ಜನಕ್ಕೆ ಆದ ನೋವು ನನಗೆ ಗೊತ್ತು, ಆ ನೋವಿಗೆ ಅರ್ಥ ಇದೆ. ಆದರೆ ದೊಡ್ಡ ಕಾಲೇಜು ಬಂದ ತಕ್ಷಣ ಊರು ಬದಲಾಗುವುದಿಲ್ಲ. ಪಾಲೊ ಆಲ್ಟೊ ಪಕ್ಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಹುಡುಗರು ಒಂದು ಕಾಲಕ್ಕೆ ಕೆಲಸಕ್ಕಾಗಿ ಅಮೆರಿಕದ ಪೂರ್ವದ ಊರುಗಳಿಗೆ ಹೋಗುತ್ತಿದ್ದರು, ನಮ್ಮ ಮಕ್ಕಳು ಬೆಂಗಳೂರಿಗೆ ಹೋಗುವ ಹಾಗೆ. ಅದನ್ನು ನೋಡಿ ಸಂಕಟಪಟ್ಟವರು ಫ್ರೆಡರಿಕ್ ಟರ್ಮನ್ ಅನ್ನುವ ಮೇಷ್ಟ್ರು. ಹ್ಯೂಲೆಟ್, ಪ್ಯಾಕರ್ಡ್ ಇಬ್ಬರೂ ಅವರ ಶಿಷ್ಯರು, ಇಲ್ಲೇ ಉಳಿದು ಕಂಪನಿ ಮಾಡಿ ಅಂತ ಬೆನ್ನು ಹತ್ತಿದ್ದು ಅವರೇ. 1951ರಲ್ಲಿ ವಿಶ್ವವಿದ್ಯಾಲಯದ ಜಮೀನಿನಲ್ಲೇ ಕಂಪನಿಗಳಿಗೆ ಜಾಗ ಕೊಡುವುದು ಶುರುವಾಯಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1954ರಲ್ಲಿ ಮಾಡಿದ ಇನ್ನೊಂದು ಕೆಲಸ. ಸುತ್ತಲಿನ ಕಂಪನಿಗಳಲ್ಲಿ ಕೆಲಸದಲ್ಲಿ ಇರುವ ಇಂಜಿನಿಯರ್‌ಗಳು ಬಂದು, ನೌಕರಿ ಬಿಡದೆ, ಮಾಸ್ಟರ್ಸ್ ಓದಬಹುದು ಅಂತ ಮಾಡಿದರು. ಫ್ಯಾಕ್ಟರಿಯ ತೊಂದರೆ ಕ್ಲಾಸಿಗೆ ಬಂತು, ಕ್ಲಾಸಿನ ವಿದ್ಯೆ ಫ್ಯಾಕ್ಟರಿಗೆ ಹೋಯಿತು. ರಾಯಚೂರಿನಲ್ಲಿ 2019ರಿಂದ ಐಐಐಟಿ ಇದೆ, 2009ರಿಂದ ಕೃಷಿ ವಿಶ್ವವಿದ್ಯಾಲಯ ಇದೆ, ಅಲ್ಲಿ ಕೃಷಿ ಇಂಜಿನಿಯರಿಂಗ್ ಕಾಲೇಜೂ ಇದೆ. ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕಾಲೇಜು ದಶಕಗಳಿಂದ ಇವೆ. ಶಕ್ತಿನಗರದ ಥರ್ಮಲ್ ಸ್ಟೇಷನ್ 1985ರಿಂದ ಕರೆಂಟ್ ಕೊಡುತ್ತಿದೆ. ಅಲ್ಲಿ ಬಾಯ್ಲರ್ ಟ್ಯೂಬ್ ಜೊತೆ ಮೂವತ್ತು ವರ್ಷ ಹೆಣಗಿದವರನ್ನು ಒಂದು ಸಂಜೆ ಕ್ಲಾಸಿಗೆ ಕರೆದು ಮಾತಾಡಿಸಿದರೆ ಮಕ್ಕಳಿಗೆ ಎಷ್ಟು ಪ್ರಾಜೆಕ್ಟ್ ಸಿಗುತ್ತವೆ! ಇದಕ್ಕೆ ಐಐಟಿ ಬರುವ ತನಕ ಕಾಯಬೇಕಿಲ್ಲ.

ಇನ್ನೊಂದು ಕಾರಣ ಇದೆ, ಇದನ್ನು ನಮ್ಮ ಕಡೆ ಯಾರೂ ಮಾತಾಡುವುದೇ ಇಲ್ಲ. ಜನ ಒಂದು ಕಂಪನಿಯಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬೇಕು. ಫೇರ್‌ಚೈಲ್ಡ್ ಕಟ್ಟಿದ ಆ ಎಂಟು ಜನರಲ್ಲೇ ಇಬ್ಬರು, ನಾಯ್ಸ್ ಮತ್ತು ಮೂರ್, 1968ರಲ್ಲಿ ಅದನ್ನೂ ಬಿಟ್ಟು ಇಂಟೆಲ್ ಮಾಡಿದರು. ಅಲ್ಲಿ ಹೀಗೆ ಬಿಟ್ಟು ಹೋದವರನ್ನು ಕೋರ್ಟಿಗೆ ಎಳೆದು, ನೀನು ಇಂತಿಷ್ಟು ವರ್ಷ ಇದೇ ಕೆಲಸ ಮಾಡುವ ಹಾಗಿಲ್ಲ ಅಂತ ತಡೆಯುವುದು ಆಗುವುದಿಲ್ಲ. ಕ್ಯಾಲಿಫೋರ್ನಿಯಾದ 1872ರ ಕಾನೂನು ಅಂಥ ಕರಾರನ್ನು ಒಪ್ಪುವುದಿಲ್ಲ. ಆಶ್ಚರ್ಯದ ಮಾತು ಏನು ಗೊತ್ತಾ? ನಮ್ಮ ಇಂಡಿಯನ್ ಕಾಂಟ್ರ್ಯಾಕ್ಟ್ ಆಕ್ಟ್ ಕೂಡ 1872ರದ್ದೇ, ಅದರ 27ನೇ ಸೆಕ್ಷನ್ ಕೂಡ ಹೆಚ್ಚುಕಮ್ಮಿ ಅದನ್ನೇ ಹೇಳುತ್ತದೆ. ಕಾನೂನು ನಮ್ಮ ಕಡೆಗೂ ಇದೆ. ಆದರೆ ನಡೆಯುವುದು ಬೇರೆ. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವುದು, ರಿಲೀವಿಂಗ್ ಲೆಟರ್ ಕೊಡದೆ ಆರು ತಿಂಗಳು ಅಲೆದಾಡಿಸುವುದು, ಬಿಟ್ಟು ಹೋದವನನ್ನು ದ್ರೋಹಿ ಅನ್ನುವುದು. ಇದು ತಪ್ಪು. ಬಿಟ್ಟು ಹೋದ ಹುಡುಗ ಪಕ್ಕದಲ್ಲೇ ಅಂಗಡಿ ಹಾಕಿದರೆ ನಾಳೆ ನಿಮಗೇ ಒಳ್ಳೆ ಸಪ್ಲೈಯರ್ ಆಗುತ್ತಾನೆ ಅಲ್ವಾ?

ಬೋಸ್ಟನ್ ಊರನ್ನೇ ನೋಡಿ, ಓದಿನಲ್ಲಿ ಅದು ಯಾರಿಗೂ ಕಮ್ಮಿ ಇರಲಿಲ್ಲ. ಎಂಐಟಿ ಇತ್ತು, ಹಾರ್ವರ್ಡ್ ಇತ್ತು, ರೂಟ್ 128 ರಸ್ತೆಯ ಸುತ್ತ ಕಂಪ್ಯೂಟರ್ ಕಂಪನಿಗಳು ತುಂಬಿದ್ದವು. 1957ರಲ್ಲಿ ಹುಟ್ಟಿದ ಡಿಜಿಟಲ್ ಇಕ್ವಿಪ್‌ಮೆಂಟ್ ಆಗಿನ ಕಾಲಕ್ಕೆ ಬಹಳ ದೊಡ್ಡ ಹೆಸರು. ಅಲ್ಲಿನ ಕಂಪನಿಗಳು ಎಲ್ಲವನ್ನೂ ತಮ್ಮ ಗೇಟಿನೊಳಗೇ ಮಾಡಿಕೊಂಡವು, ಹೊರಗಿನವರ ಜೊತೆ ಮಾತಿಲ್ಲ, ಕಥೆಯಿಲ್ಲ. ಸಣ್ಣ ಕಂಪ್ಯೂಟರ್ ಕಾಲ ಬಂದಾಗ ಬೇಗ ತಿರುಗಲು ಆಗಲಿಲ್ಲ. 1998ರಲ್ಲಿ ಡಿಜಿಟಲ್ ಕಂಪನಿಯನ್ನು ಸಣ್ಣ ಕಂಪ್ಯೂಟರ್ ಮಾಡುವ ಕಾಂಪ್ಯಾಕ್ ಕೊಂಡುಬಿಟ್ಟಿತು. ಬೋಸ್ಟನ್ ಆಮೇಲೆ ಬಯೋಟೆಕ್‌ನಲ್ಲಿ ಮತ್ತೆ ಎದ್ದು ನಿಂತಿತು ಅನ್ನುವುದೂ ನಿಜ, ಆ ಕಾಲೇಜುಗಳು ಮತ್ತು ಆಸ್ಪತ್ರೆಗಳು ಅಲ್ಲೇ ಇದ್ದವಲ್ಲ.

ಈಗ ನನ್ನದೇ ಒಂದು ಅನುಭವ ಹೇಳಬೇಕು. ಹೇಳುವಾಗ ಇವತ್ತಿಗೂ ಗಂಟಲು ಕಟ್ಟುತ್ತದೆ. ನನ್ನ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಕಂಪ್ಲಿ ಕಡೆಯ ಹುಡುಗ, ಇನ್ನೊಬ್ಬಳು ಬಳ್ಳಾರಿಯ ಕೌಲ್‌ಬಜಾರ್ ಹುಡುಗಿ, ಒಂದು ಕಾರ್ಖಾನೆಯ ದೊಡ್ಡ ಫ್ಯಾನುಗಳು ಎಷ್ಟು ಅದುರುತ್ತಿವೆ ಅಂತ ನೋಡಿ ಮೊದಲೇ ಎಚ್ಚರಿಸುವ ಸಣ್ಣ ಡಬ್ಬಿ ಮಾಡಿದರು. ಬೇರಿಂಗ್ ಹೋಗುವ ನಾಲ್ಕು ದಿನ ಮುಂಚೆಯೇ ಅದು ಹೇಳಿತು. ಕಾರ್ಖಾನೆಯವರು ಖುಷಿಯಾಗಿ ಹನ್ನೆರಡು ಡಬ್ಬಿ ತೆಗೆದುಕೊಂಡರು. ದುಡ್ಡು ಬಂದದ್ದು ಹನ್ನೊಂದು ತಿಂಗಳಾದ ಮೇಲೆ. ಸೆಕ್ಷನ್ನಿನವರಿಗೆ ಇಷ್ಟ ಇತ್ತು, ಪರ್ಚೇಸ್‌ನಲ್ಲಿ ಫೈಲ್ ನಿಂತಿತು, ಆಮೇಲೆ ಫೈನಾನ್ಸ್‌ನಲ್ಲಿ ನಿಂತಿತು, ಆಮೇಲೆ ಅಧಿಕಾರಿ ಬದಲಾದರು. ಆ ಹೊತ್ತಿಗೆ ಹುಡುಗಿಯ ಅಪ್ಪ ಬಂಗಾರ ಅಡ ಇಟ್ಟು ತಂದುಕೊಟ್ಟ ದುಡ್ಡು ಮುಗಿದಿತ್ತು. ಹುಡುಗ ಪುಣೆಗೆ ಹೋದ, ಅಲ್ಲೇ ಇದ್ದಾನೆ. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾನೂನಿನಲ್ಲೇ ಬರೆದಿದೆ. ಅದೊಂದು ನಿಯಮವನ್ನು ನಮ್ಮ ಮೂರು ಜಿಲ್ಲೆಗಳ ದೊಡ್ಡ ಕಾರ್ಖಾನೆಗಳೆಲ್ಲ ಚಾಚೂ ತಪ್ಪದೆ ಪಾಲಿಸಿದರೆ, ನನ್ನ ಪ್ರಕಾರ ಅದು ಹತ್ತು ಟೆಕ್ ಪಾರ್ಕಿಗೆ ಸಮ. ಮೊದಲ ಗಿರಾಕಿ ಅಂದರೆ ಕೊಳ್ಳುವವನಷ್ಟೇ ಅಲ್ಲ, ಹೊತ್ತಿಗೆ ಸರಿಯಾಗಿ ದುಡ್ಡು ಕೊಡುವವನು.

ಪಾರ್ಕ್ ಕಟ್ಟಿ ನೋಡಿದವರು ಇದ್ದಾರಾ ಅಂದರೆ, ಇದ್ದಾರೆ. ಜಪಾನ್ 1983ರಲ್ಲಿ ಟೆಕ್ನೊಪೊಲಿಸ್ ಅಂತ ಕಾನೂನು ಮಾಡಿ, ಟೋಕಿಯೊದಿಂದ ದೂರದ 26 ಪ್ರದೇಶಗಳನ್ನು ಆರಿಸಿತು. ರಸ್ತೆ, ಕಾಲೇಜು, ಕೈಗಾರಿಕಾ ಜಮೀನು ಎಲ್ಲ ಚೆನ್ನಾಗಿ ಮಾಡಿದರು, ಜಪಾನಿನವರ ಕೆಲಸ ಅಂದರೆ ಕೇಳಬೇಕಾ. ಕಂಪನಿಗಳು ಬಂದವು ಕೂಡ. ಆದರೆ ಬಹಳ ಕಡೆ ಬಂದದ್ದು ಬ್ರ್ಯಾಂಚ್ ಫ್ಯಾಕ್ಟರಿಗಳು. ಯೋಚನೆ ಮಾಡುವ ಕೆಲಸ, ಏನು ಕೊಳ್ಳಬೇಕು ಅನ್ನುವ ತೀರ್ಮಾನ, ಎರಡೂ ಟೋಕಿಯೊದಲ್ಲೇ ಉಳಿದವು. ಊರಿನ ಸಣ್ಣ ವರ್ಕ್‌ಶಾಪಿನವನಿಗೆ ಆ ಫ್ಯಾಕ್ಟರಿಯ ಗೇಟಿನೊಳಗೆ ಮಾತಾಡುವವರೇ ಸಿಗಲಿಲ್ಲ. ನಮ್ಮಲ್ಲೂ ಇದನ್ನು ನೋಡಿದ್ದೇವೆ ಅಲ್ವಾ, ಫ್ಯಾಕ್ಟರಿ ಇಲ್ಲಿ, ಪರ್ಚೇಸ್ ಆಫೀಸು ಮುಂಬೈನಲ್ಲಿ.

ತೈವಾನ್ ದೇಶದ ಶಿನ್‌ಚು ಪಾರ್ಕ್ ಮಾತ್ರ ಗೆದ್ದಿತು, 1980ರಲ್ಲಿ ಶುರುವಾದದ್ದು. ಯಾಕೆ ಗೆದ್ದಿತು ಅಂದರೆ ಪಾರ್ಕಿಗಿಂತ ಮುಂಚೆ ಜನ ತಯಾರಿದ್ದರು. 1973ರಲ್ಲಿ ಅವರು ಐಟಿಆರ್‌ಐ ಅನ್ನುವ ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿದರು. 1976ರಲ್ಲಿ ಅಮೆರಿಕದ ಆರ್‌ಸಿಎ ಕಂಪನಿಯಿಂದ ಚಿಪ್ ಮಾಡುವ ವಿದ್ಯೆ ಕೊಂಡು, ತಮ್ಮ ಯುವ ಇಂಜಿನಿಯರ್‌ಗಳನ್ನು ಅಲ್ಲಿಗೆ ಕಳಿಸಿ ಕೆಲಸ ಕಲಿಸಿದರು. ಹಾಗೆ ಕಲಿತವರನ್ನು ಸಂಸ್ಥೆ ತನ್ನಲ್ಲೇ ಕಟ್ಟಿಹಾಕಲಿಲ್ಲ, ಹೊರಗೆ ಬಿಟ್ಟಿತು. 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ, ಎರಡೂ ಚಿಪ್ ಕಂಪನಿಗಳು ಹೀಗೇ ಹುಟ್ಟಿದವು. ಪಾರ್ಕಿನ ಪಕ್ಕದಲ್ಲೇ ಎರಡು ಒಳ್ಳೆ ವಿಶ್ವವಿದ್ಯಾಲಯ ಇದ್ದವು. ನನಗೆ ಇಷ್ಟವಾದ ಇನ್ನೊಂದು ಸಂಗತಿ, ಅಮೆರಿಕದಿಂದ ವಾಪಸ್ ಬರುವ ಇಂಜಿನಿಯರ್‌ಗಳ ಮಕ್ಕಳಿಗೆ ಪಾರ್ಕಿನಲ್ಲೇ ಎರಡು ಭಾಷೆಯ ಶಾಲೆ ತೆರೆದರು. ಇದು ಸಣ್ಣ ಮಾತಲ್ಲ. ಊರಿಗೆ ವಾಪಸ್ ಬರುವ ಬಗ್ಗೆ ನೀವು ಯೋಚಿಸುತ್ತಿದ್ದೀರಿ, ಮಕ್ಕಳ ಶಾಲೆ ಎಲ್ಲಿ ಅಂತ ಮನೆಯಲ್ಲಿ ಮೊದಲು ಕೇಳುತ್ತಾರೆ.

ನಮ್ಮದು ಸಣ್ಣ ಊರು ಅನ್ನುವ ಅಳುಕು ಇದ್ದರೆ ಮಿರಾಂಡೊಲ ಊರಿನ ಕಥೆ ಕೇಳಿ. ಇಟಲಿಯ ಮೊಡೆನಾ ಪ್ರಾಂತ್ಯದಲ್ಲಿದೆ, ನಮ್ಮ ಗಂಗಾವತಿಗಿಂತ ಎಷ್ಟೋ ಚಿಕ್ಕದು, ಸುತ್ತ ಬರೀ ಹೊಲ. 1962ರಲ್ಲಿ ಮಾರಿಯೊ ವೆರೊನೇಸಿ ಅನ್ನುವ ಔಷಧಿ ಅಂಗಡಿಯವರು, ಆಸ್ಪತ್ರೆಗಳಲ್ಲಿ ರಬ್ಬರ್ ಕೊಳವೆಗಳನ್ನು ತೊಳೆದು ತೊಳೆದು ಬಳಸುವುದನ್ನು ನೋಡಿ, ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಕೊಳವೆ ಮಾಡಲು ಶುರು ಮಾಡಿದರು. ಆಮೇಲೆ ಡಯಾಲಿಸಿಸ್ ಸಾಮಾನು. ಕಂಪನಿ ಬೆಳೆದಾಗ ದೊಡ್ಡವರಿಗೆ ಮಾರಿ, ಆ ದುಡ್ಡಿನಲ್ಲಿ ಅದೇ ಊರಿನಲ್ಲಿ ಇನ್ನೊಂದು ಕಂಪನಿ, ಮತ್ತೊಂದು ಕಂಪನಿ. ಅವರ ಹತ್ತಿರ ಕೆಲಸ ಕಲಿತವರು ತಮ್ಮದೇ ಸಣ್ಣ ಸಣ್ಣ ಯುನಿಟ್ ಹಾಕಿದರು. ಇವತ್ತು ಯುರೋಪಿನಲ್ಲಿ ವೈದ್ಯಕೀಯ ಉಪಕರಣಕ್ಕೆ ಹೆಸರಾದ ಊರುಗಳಲ್ಲಿ ಅದೊಂದು. 2012ರ ಮೇ ತಿಂಗಳಲ್ಲಿ ಭೂಕಂಪ ಆಗಿ ಕಾರ್ಖಾನೆಗಳು ಕುಸಿದವು. ಬೇರೆ ಕಡೆ ಹೋಗಬಹುದಿತ್ತು, ಬಹಳ ಜನ ಅಲ್ಲೇ ಮತ್ತೆ ಕಟ್ಟಿದರು, ಯಾಕೆಂದರೆ ಆ ಕೆಲಸ ಬಲ್ಲ ಕೈಗಳು ಅಲ್ಲಿದ್ದವು.

ಒಂದೇ ದೊಡ್ಡ ಕಂಪನಿಯ ಮೇಲೆ ನಿಂತ ಊರಿನ ಕಷ್ಟವನ್ನೂ ಹೇಳಬೇಕು. ಫಿನ್ಲೆಂಡಿನ ಔಲು ಊರು ನೋಕಿಯಾವನ್ನೇ ನಂಬಿತ್ತು. ನೋಕಿಯಾ ಫೋನಿನ ವ್ಯಾಪಾರ ಬಿದ್ದು, 2014ರಲ್ಲಿ ಅದು ಮೈಕ್ರೋಸಾಫ್ಟ್ ಪಾಲಾದಾಗ ಸಾವಿರಾರು ಜನರ ಕೆಲಸ ಹೋಯಿತು. ಆದರೆ ಅವರ ತಲೆಯಲ್ಲಿ ರೇಡಿಯೋ ತಂತ್ರಜ್ಞಾನ ಇತ್ತು, ಸಣ್ಣ ಬ್ಯಾಟರಿಯಲ್ಲಿ ದಿನಗಟ್ಟಲೆ ಓಡುವ ಉಪಕರಣ ಮಾಡುವ ವಿದ್ಯೆ ಇತ್ತು. ಬೆರಳಿಗೆ ಹಾಕಿಕೊಂಡರೆ ನಿದ್ದೆ ಅಳೆಯುವ ಔರಾ ಉಂಗುರದ ಕಂಪನಿ 2013ರಲ್ಲಿ ಹುಟ್ಟಿದ್ದು ಅದೇ ಊರಿನಲ್ಲಿ. ನಮಗೂ ಅಂಥ ಹೊಡೆತ ಬಿದ್ದಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಸಂಡೂರು, ಹೊಸಪೇಟೆಯಲ್ಲಿ ಸಾಲಾಗಿ ನಿಂತ ಲಾರಿಗಳನ್ನು ನಾನು ನೋಡಿದ್ದೇನೆ. ಕಂತು ಕಟ್ಟಲಾಗದೆ ಮನೆ ಮಾರಿದವರು ನಮ್ಮ ಓಣಿಯಲ್ಲೇ ಇದ್ದರು. ಅದಕ್ಕೂ ಮುಂಚಿನ ನಾಲ್ಕೈದು ವರ್ಷ ಗಣಿ ದುಡ್ಡು ಬಹಳ ಬಂತು, ಬಂದ ದುಡ್ಡು ಕಾರು, ಕಟ್ಟಡ, ಪ್ಲಾಟು ಆಯಿತು. ಅದಿರು ಅಗೆದು ಹಾಗೇ ಕಳಿಸಿದೆವು, ಅಗೆಯುವ ಯಂತ್ರ ರಿಪೇರಿ ಮಾಡುವ ವಿದ್ಯೆಯನ್ನಾದರೂ ಪೂರ್ತಿ ಕಲಿತುಕೊಳ್ಳಲಿಲ್ಲ. ಔಲು ಊರಿಗೂ ನಮಗೂ ಇರುವ ವ್ಯತ್ಯಾಸ ಇದೇ. ಕಂಪನಿ ಹೋದ ಮೇಲೆ ಊರಿನಲ್ಲಿ ಏನು ಉಳಿಯುತ್ತದೆ ಅನ್ನುವುದನ್ನು ಮೊದಲೇ ಕೇಳಿಕೊಳ್ಳಬೇಕು.

ದುಡ್ಡಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ಬಂಡವಾಳ ಹಾಕುವವರು ಗಿರಾಕಿ ಇರುವ ಕಡೆ ತಾವೇ ಬರುತ್ತಾರೆ. ನಮ್ಮ ಗಂಜಿನ, ಅಂದರೆ ಮಾರ್ಕೆಟ್ ಯಾರ್ಡಿನ, ವ್ಯಾಪಾರಿಗಳ ಹತ್ತಿರ, ಮಿಲ್ಲಿನವರ ಹತ್ತಿರ ದುಡ್ಡಿಗೆ ಬರ ಇಲ್ಲ, ಬರೀ ಬಾಯಿ ಮಾತಿನ ಮೇಲೆ ಲಕ್ಷಗಟ್ಟಲೆ ಕೊಡುವ ಜನ ಅವರು. ಅವರಿಗೆ ಅರ್ಥವಾಗುವ ಸಾಮಾನು ತೋರಿಸಿದರೆ ಲೇಔಟಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಈ ಕಡೆಗೂ ಹರಿಯುತ್ತದೆ.

ಹಾಗಾದರೆ ನಮ್ಮ ಮೂರು ಜಿಲ್ಲೆಗಳಲ್ಲಿ ಮೊದಲ ಗಿರಾಕಿಗಳು ಯಾರು? ನಿಮ್ಮ ಮನೆ ಬಾಗಿಲಲ್ಲೇ ಇದ್ದಾರೆ. ಸಿಂಧನೂರು, ಕಾರಟಗಿ, ಗಂಗಾವತಿ, ಮಾನ್ವಿಯ ರೈಸ್ ಮಿಲ್ಲುಗಳಲ್ಲಿ ಸಾರ್ಟೆಕ್ಸ್ ಮಷಿನ್ ನೋಡಿರುತ್ತೀರಿ. ಅಕ್ಕಿ ಇಳಿಜಾರಿನ ಮೇಲೆ ಜಾರಿ ಬರುತ್ತದೆ, ಕ್ಯಾಮೆರಾ ಕಪ್ಪು ಕಾಳು, ಹಳದಿ ಕಾಳು, ಕಲ್ಲು ಗುರುತಿಸುತ್ತದೆ, ಗಾಳಿ ಊದಿ ಅದನ್ನು ಬದಿಗೆ ಹೊಡೆಯುತ್ತದೆ. ಕ್ಯಾಮೆರಾ, ಲೈಟು, ವೇಗದ ವಾಲ್ವ್, ಸಾಫ್ಟ್‌ವೇರ್, ಎಲ್ಲ ಸೇರಿದ ಅಪ್ಪಟ ಹೈಟೆಕ್ ಯಂತ್ರ ಅದು, ನಮ್ಮ ಹಳ್ಳಿ ಹಳ್ಳಿಯಲ್ಲಿ ಓಡುತ್ತಿದೆ. ಗಾಜಿನ ಮೇಲೆ ತೌಡಿನ ಧೂಳು ಕೂತರೆ ಅದು ತಪ್ಪು ಮಾಡುತ್ತದೆ, ಕಂಪ್ರೆಸರ್ ಗಾಳಿಯಲ್ಲಿ ನೀರಿನ ಅಂಶ ಬಂದರೆ ವಾಲ್ವ್ ಕೆಡುತ್ತದೆ. ಸೀಸನ್ನಿನಲ್ಲಿ ಕೆಟ್ಟರೆ ದೂರದಿಂದ ಇಂಜಿನಿಯರ್ ಬರುವ ತನಕ ಲಾರಿಗಳು ಕಾಯುತ್ತವೆ. ಇಷ್ಟು ಮಿಲ್ಲುಗಳು ಒಂದೇ ಕಡೆ ಇರುವಾಗ, ಅವುಗಳನ್ನು ರಿಪೇರಿ ಮಾಡುವ, ಬಿಡಿಭಾಗ ಮಾಡುವ, ನಮ್ಮ ಸೋನಾ ಮಸೂರಿಗೆ ಸರಿಯಾಗಿ ಸೆಟ್ಟಿಂಗ್ ಹಚ್ಚುವ ಜನ ಇಲ್ಲೇ ಬೆಳೆಯಬೇಕಿತ್ತು. ಮೊದಲು ರಿಪೇರಿ, ಆಮೇಲೆ ಬಿಡಿಭಾಗ, ಆಮೇಲೆ ಇಡೀ ಯಂತ್ರ. ಬಹಳ ಊರುಗಳು ಏರಿದ ಮೆಟ್ಟಿಲು ಇದೇ.

ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಇದೆ. ನೀರು ಬಹಳ ಬೇಕು, ಬಣ್ಣದ ನೀರನ್ನು ಶುದ್ಧ ಮಾಡದೆ ಬಿಡುವ ಹಾಗಿಲ್ಲ. ಲೇಸರ್‌ನಿಂದ ಬಣ್ಣ ತೆಗೆಯುವುದು, ಓಝೋನ್ ವಾಷ್, ನೀರನ್ನು ಮತ್ತೆ ಮತ್ತೆ ಬಳಸುವುದು, ಇವೆಲ್ಲ ಬೇರೆ ದೇಶಗಳಲ್ಲಿ ಆಗಲೇ ನಡೆಯುತ್ತಿವೆ. ಸಣ್ಣ ಯುನಿಟ್‌ಗೆ ಹೊಂದುವ ಬೆಲೆಯಲ್ಲಿ ಅದನ್ನು ಮಾಡಿಕೊಡುವವರಿಗೆ ಓಣಿ ತುಂಬ ಗಿರಾಕಿಗಳು. ಕೊಪ್ಪಳದ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿತ್ತು, 400 ಎಕರೆ ಜಾಗ. ಕಿನ್ನಾಳದ ಗೊಂಬೆಗಳ ನಾಡಿನಲ್ಲಿ ಅದು ಬಂದದ್ದು ನನಗೆ ಬಹಳ ಸಂತೋಷ. ಪ್ಲಾಸ್ಟಿಕ್ ಆಟಿಕೆಯ ಜೀವ ಇರುವುದು ಅಚ್ಚಿನಲ್ಲಿ, ಅಂದರೆ ಮೋಲ್ಡ್‌ನಲ್ಲಿ. ಮೋಲ್ಡ್ ಮಾಡುವವರು ಇಲ್ಲೇ ಬೆಳೆದರೆ ಮಾತ್ರ ಆ ಕ್ಲಸ್ಟರ್ ಬೇರು ಬಿಡುತ್ತದೆ. ಹೊಸಪೇಟೆ, ಲಿಂಗಸುಗೂರಿನ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಆಂಡ್ ಡೈ, ಅಂದರೆ ಅಚ್ಚು ಮಾಡುವ ಕೆಲಸ, ಕಲಿತ ಮಕ್ಕಳು ಪೀಣ್ಯಕ್ಕೆ ಹೋಗುವ ಬದಲು ಕೊಪ್ಪಳದಲ್ಲೇ ಸ್ವಂತ ಟೂಲ್ ರೂಮ್ ಹಾಕುವಂತೆ ಅಲ್ಲಿನ ಕಂಪನಿಗಳು ಮೊದಲ ಆರ್ಡರ್ ಕೊಡಬೇಕು. ಬೆಳಗಾವಿ ಹಾಗೇ ಬೆಳೆಯಿತು, ಉದ್ಯಮಬಾಗ್‌ನಲ್ಲಿ ಫೌಂಡ್ರಿ ಮತ್ತು ಲೇತ್ ಕೆಲಸ ಗೊತ್ತಿದ್ದ ಜನ ಮೊದಲೇ ಇದ್ದರು, ವಿಮಾನದ ಬಿಡಿಭಾಗ ಮಾಡುವ ಕೆಲಸ ಆಮೇಲೆ ಬಂತು.

ಬೇಗ ಆಗುತ್ತದೆ ಅಂತ ನಾನು ಹೇಳಲಾರೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1909ರದ್ದು, ವಿಮಾನ ಮಾಡುವ ಎಚ್‌ಎಎಲ್ 1940, ಟೆಲಿಫೋನ್ ಮಾಡುವ ಐಟಿಐ 1948, ಎಲೆಕ್ಟ್ರಾನಿಕ್ಸ್ ಮಾಡುವ ಬಿಇಎಲ್ 1954. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅನ್ನುವ ಅಮೆರಿಕದ ಚಿಪ್ ಕಂಪನಿ ಬಂದದ್ದು 1985ರಲ್ಲಿ. ಅಷ್ಟರೊಳಗೆ ಅಪ್ಪ ಬಿಇಎಲ್, ಮಗ ಸಾಫ್ಟ್‌ವೇರ್ ಅನ್ನುವ ಎರಡು ತಲೆಮಾರು ಕೆಲಸ ಕಲಿತಿದ್ದವು.

ನಿಮಗೆ ನಾನು ಹೇಳುವುದು ಇಷ್ಟು. ಈಗಲೇ ನೌಕರಿ ಬಿಡಬೇಡಿ. ನವೆಂಬರ್ ಕೊನೆಯಲ್ಲಿ ಹೊಸ ಭತ್ತ ಮಿಲ್ಲಿಗೆ ಬರುವ ಹೊತ್ತಿಗೆ ಹದಿನೈದು ದಿನ ರಜೆ ಹಾಕಿ ಬನ್ನಿ. ಇಪ್ಪತ್ತು ಮಿಲ್ ಸುತ್ತಿ. ಮೊದಲು ಮಾಲೀಕರ ಹತ್ತಿರ ಹೋಗಬೇಡಿ, ಸಾರ್ಟೆಕ್ಸ್ ಓಡಿಸುವ ಆಪರೇಟರ್ ಜೊತೆ ಕೂತು ಚಹಾ ಕುಡಿಯಿರಿ. ಯಾವ ಭಾಗ ಎಷ್ಟು ದಿನಕ್ಕೆ ಕೆಡುತ್ತದೆ, ಇಂಜಿನಿಯರ್ ಬರಲು ಎಷ್ಟು ತಾಸು, ಆ ಹೊತ್ತಿನಲ್ಲಿ ಎಷ್ಟು ಚೀಲ ನಿಂತವು, ಎಲ್ಲ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಮಾಲೀಕರಿಗೆ ಆ ಲೆಕ್ಕ ತೋರಿಸಿ, ಈ ಒಂದು ತೊಂದರೆ ನಾನು ತೆಗೆದರೆ ಎಷ್ಟು ಕೊಡುತ್ತೀರಿ, ಅಡ್ವಾನ್ಸ್ ಎಷ್ಟು ಅಂತ ನೇರವಾಗಿ ಕೇಳಿ. ಬಾಯಿ ಮಾತಿನ ಹೊಗಳಿಕೆ ಲೆಕ್ಕಕ್ಕೆ ಹಿಡಿಯಬೇಡಿ, ಕೈಗೆ ಬಂದ ಅಡ್ವಾನ್ಸ್ ಮಾತ್ರ ಹಿಡಿಯಿರಿ. ಇಪ್ಪತ್ತರಲ್ಲಿ ಮೂರು ಮಿಲ್ಲಿನವರು ಕೊಟ್ಟರೂ ನನಗೆ ಬರೆಯಿರಿ. ವಾಲ್ವ್ ಟೆಸ್ಟ್ ಮಾಡಲು ನಮ್ಮ ಕಾಲೇಜಿನ ಲ್ಯಾಬ್ ಕೇಳಿಕೊಡುತ್ತೇನೆ, ಮತ್ತೆ ನಾನು ಹೇಳಿದ ಆ ಕೌಲ್‌ಬಜಾರ್ ಹುಡುಗಿ ಇನ್ನೂ ಬಳ್ಳಾರಿಯಲ್ಲೇ ಇದ್ದಾಳೆ, ಸರ್ಕಿಟ್ ಬೋರ್ಡ್ ಕೆಲಸದಲ್ಲಿ ಅವಳ ಕೈ ಬಹಳ ಚೆನ್ನಾಗಿದೆ, ಅವಳ ಪರಿಚಯ ಮಾಡಿಸುತ್ತೇನೆ.